ಪಶ್ಚಿಮಕ್ಕೆ ಇಳಿಯುವ ಗುಡ್ಡದಲ್ಲಿ ಮನೆ: ನೋಟ ಒಂದು ಕಡೆ, ಬಿಸಿಲು ಇನ್ನೊಂದು ಕಡೆ

ಗುಡ್ಡದಂಚು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮನೆಯ ನಕ್ಷೆ ಕೈಗೆ ಬಂದಿದೆ. ನೋಡಲು ತುಂಬಾ ಚೆನ್ನಾಗಿದೆ. ಆದರೂ ಸಹಿ ಹಾಕಲು ಧೈರ್ಯ ಬರುತ್ತಿಲ್ಲ. ತಿಳಿದವರು ಒಮ್ಮೆ ನೋಡಿ ಹೇಳಿ.

ಮೊದಲು ಜಾಗದ ವಿವರ. ಉತ್ತರ ಅಕ್ಷಾಂಶ ಸುಮಾರು 35 ಡಿಗ್ರಿ. ಗುಡ್ಡ ಪಶ್ಚಿಮಕ್ಕೆ ಇಳಿಯುತ್ತದೆ. ಇಳಿಜಾರು 18 ಡಿಗ್ರಿ, ಅಂದರೆ ಮೂರು ಮೀಟರ್ ಮುಂದೆ ಹೋದರೆ ಸುಮಾರು ಒಂದು ಮೀಟರ್ ಕೆಳಗೆ. ರಸ್ತೆ ಮೇಲ್ಗಡೆ, ಪೂರ್ವದಲ್ಲಿದೆ. ಕಣಿವೆಯ ನೋಟ ಪೂರ್ತಿ ಪಶ್ಚಿಮಕ್ಕೆ. ಚಳಿಗಾಲದ ರಾತ್ರಿ ಸೊನ್ನೆ ಡಿಗ್ರಿಗೆ ಇಳಿಯುತ್ತದೆ, ಬೇಸಿಗೆಯ ಮಧ್ಯಾಹ್ನ 36 ದಾಟುತ್ತದೆ. ಮಳೆಯೂ ಜೋರು.

ನಕ್ಷೆಯಲ್ಲಿ ಇರುವುದು ಒಟ್ಟು 200 ಚದರ ಮೀಟರ್. ಗುಡ್ಡದ ಇಳಿಜಾರಿನಂತೆಯೇ ನಾಲ್ಕು ಹಂತ. ಪ್ರತಿ ಹಂತ 10 ಮೀಟರ್ ಅಗಲ, 5 ಮೀಟರ್ ಆಳ, ಹಿಂದಿನದಕ್ಕಿಂತ 1.6 ಮೀಟರ್ ಕೆಳಗೆ. ಪಶ್ಚಿಮದ ಕಡೆ ಎಲ್ಲ ಸೇರಿ 40 ಚದರ ಮೀಟರ್ ಗಾಜು. ಕೊನೆಯ ಹಂತ ಉಕ್ಕಿನ ಕಂಬಗಳ ಮೇಲೆ ನಿಲ್ಲುತ್ತದೆ. ಅದರ ಮುಂದೆ ಕಾಂಕ್ರೀಟ್ ಸ್ಲ್ಯಾಬನ್ನೇ ಹೊರಕ್ಕೆ ಚಾಚಿ ಮಾಡಿದ ಡೆಕ್.

ನನಗೆ ಬೇಕಾಗಿರುವುದು ಕರೆಂಟು ಕಡಿಮೆ ತಿನ್ನುವ ಮನೆ. ಬೇಸಿಗೆಯಲ್ಲಿ ಎಸಿ ಇಲ್ಲದೆ ಅಥವಾ ಬಹಳ ಕಡಿಮೆ ಎಸಿಯಲ್ಲಿ ಇರಬೇಕು. ಚಳಿಗಾಲದಲ್ಲಿ ಅಮ್ಮನ ಕೋಣೆ ಬೆಚ್ಚಗಿರಬೇಕು. ಅವರಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಿಳಿಯುವುದು ಕಷ್ಟ. ಗಾಜಿನ ಬಗ್ಗೆ ಕೇಳಿದಾಗ "ಒಳ್ಳೆಯ ಡಬಲ್ ಗ್ಲಾಸ್ ಹಾಕೋಣ, ದೊಡ್ಡ ಎಸಿ ಇಡೋಣ, ಮೇಲೆ ಸೋಲಾರ್ ಹಾಕಿದರೆ ಸರಿಹೋಗುತ್ತದೆ" ಎಂಬ ಉತ್ತರ ಬಂತು. ಇದು ಸರಿಯೇ? ನೋಟ ಬಿಡಲು ಮನಸ್ಸಿಲ್ಲ, ಆ ಜಾಗ ಕೊಂಡದ್ದೇ ಅದಕ್ಕಾಗಿ.

---

ಬಿಸಿಲುಗೋಡೆ:

ಸಹಿ ಹಾಕದೆ ಇಲ್ಲಿ ಕೇಳಿದ್ದು ಒಳ್ಳೆಯದಾಯಿತು. ಮನೆಗಳಿಗೆ ಬಿಸಿ, ತಂಪಿನ ಲೆಕ್ಕ ಹಾಕುವುದು ನನ್ನ ಕೆಲಸ. ಇಳಿಜಾರಿನ ಮನೆಗಳೆಂದರೆ ನನಗೆ ಇನ್ನೂ ಸ್ವಲ್ಪ ಜಾಸ್ತಿ ಪ್ರೀತಿ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಈ ನಕ್ಷೆಯಲ್ಲಿ ಮನೆಯ ಆಕಾರವನ್ನು ನೋಟ ತೀರ್ಮಾನಿಸಿದೆ. ಬಿಸಿಲು ಬರುವುದು ದಕ್ಷಿಣದಿಂದ, ನಿಮ್ಮ ಗಾಜು ಇರುವುದು ಪಶ್ಚಿಮಕ್ಕೆ. ಇದನ್ನು ಯಂತ್ರಗಳಿಂದ ಸರಿಮಾಡಬಹುದು ನಿಜ. ಆದರೆ ಆ ಯಂತ್ರಗಳು ಮನೆ ಇರುವಷ್ಟು ಕಾಲವೂ ಓಡುತ್ತಲೇ ಇರಬೇಕು. (ದಕ್ಷಿಣ ಗೋಳಾರ್ಧದಲ್ಲಿ ಇರುವವರು ಮುಂದೆ ನಾನು ದಕ್ಷಿಣ ಅಂದ ಕಡೆಯೆಲ್ಲ ಉತ್ತರ ಅಂತ ಓದಿಕೊಳ್ಳಿ.)

ಸೂರ್ಯನ ಎತ್ತರ ನೋಡಿ. ನಡುಮಧ್ಯಾಹ್ನದ ಎತ್ತರ ಸಿಗಲು 90ರಿಂದ ಅಕ್ಷಾಂಶ ಕಳೆದು, ಬೇಸಿಗೆಯ ತುದಿಯಲ್ಲಾದರೆ 23.4 ಕೂಡಿಸಬೇಕು, ಚಳಿಗಾಲದ ತುದಿಯಲ್ಲಾದರೆ 23.4 ಕಳೆಯಬೇಕು. ನಿಮ್ಮ ಜಾಗಕ್ಕೆ ಜೂನ್ ಕೊನೆಯಲ್ಲಿ ಸುಮಾರು 78 ಡಿಗ್ರಿ, ಡಿಸೆಂಬರ್ ಕೊನೆಯಲ್ಲಿ ಸುಮಾರು 32 ಡಿಗ್ರಿ. ಅಂದರೆ ದಕ್ಷಿಣದ ಕಿಟಕಿಗೆ ಬೇಸಿಗೆಯಲ್ಲಿ ಬಿಸಿಲು ನೆತ್ತಿಯಿಂದ ಬರುತ್ತದೆ, ಸಜ್ಜ ಇದ್ದರೆ ಸಾಕು, ತಡೆಯಬಹುದು. ಚಳಿಗಾಲದಲ್ಲಿ ಅದೇ ಬಿಸಿಲು ಸಜ್ಜದ ಕೆಳಗಿನಿಂದ ನುಗ್ಗಿ ಕೋಣೆಯ ಒಳಗಿನವರೆಗೆ ಬೀಳುತ್ತದೆ. ಯಾವ ಸ್ವಿಚ್ಚೂ ಬೇಡ. ಪಶ್ಚಿಮದ ಕಿಟಕಿಗೆ ಈ ಅನುಕೂಲ ಇಲ್ಲ. ಬೇಸಿಗೆಯ ಸಂಜೆ ಸೂರ್ಯ ತಗ್ಗಿನಲ್ಲಿ ಇರುತ್ತಾನೆ, ನೇರ ಎದುರಿಗೆ. ಎಷ್ಟು ಉದ್ದದ ಸಜ್ಜ ಹಾಕಿದರೂ ಅದರ ಕೆಳಗಿನಿಂದ ಬರುತ್ತಾನೆ. ಅದೂ ದಿನದ ಅತಿ ಸೆಖೆಯ ಹೊತ್ತಿನಲ್ಲಿ.

ಈಗ ನಿಮ್ಮ 40 ಚದರ ಮೀಟರ್. ಶುಭ್ರ ಬೇಸಿಗೆಯ ಸಂಜೆ ಪಶ್ಚಿಮದ ಗೋಡೆಯ ಮೇಲೆ ಚದರ ಮೀಟರಿಗೆ 600ರಿಂದ 700 ವ್ಯಾಟ್ ಬಿಸಿಲು ಬೀಳುತ್ತದೆ. ಡಬಲ್ ಗ್ಲಾಸ್ ಅದರಲ್ಲಿ ಅರ್ಧ ಒಳಗೆ ಬಿಟ್ಟರೂ ಒಟ್ಟು 13 ಕಿಲೋವ್ಯಾಟ್ ಆಗುತ್ತದೆ. 36 ಡಿಗ್ರಿಯ ದಿನ ಮನೆಯೊಳಗೆ ಒಂದು ಕಿಲೋವ್ಯಾಟಿನ 13 ಹೀಟರ್ ಹಚ್ಚಿಟ್ಟು, ಅದನ್ನು ತಣಿಸಲು ಎಸಿ ಓಡಿಸಬೇಕಾದ ಸ್ಥಿತಿ. "ದೊಡ್ಡ ಎಸಿ" ಯಾಕೆ ಬಂತು ಅಂತ ಈಗ ಗೊತ್ತಾಯಿತಲ್ವಾ? ಒಳಗೆ ಪರದೆ ಎಳೆದರೆ ಕಣ್ಣಿಗೆ ಹಿತ, ಆದರೆ ಬಿಸಿ ಆಗಲೇ ಗಾಜು ದಾಟಿ ಬಂದಾಗಿದೆ. ತಡೆಯುವುದಾದರೆ ಗಾಜಿನ ಹೊರಗೇ ತಡೆಯಬೇಕು.

ಚಳಿಗಾಲದ ರಾತ್ರಿಯ ಕಥೆ ಇನ್ನೊಂದು. ಒಳಗೆ 20, ಹೊರಗೆ ಸೊನ್ನೆ ಅಂದುಕೊಳ್ಳಿ. ಒಳ್ಳೆಯ ಡಬಲ್ ಗ್ಲಾಸ್ ಕಿಟಕಿ, ಚೌಕಟ್ಟು ಸೇರಿ, ಚದರ ಮೀಟರಿಗೆ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 1.4 ವ್ಯಾಟ್ ಸೋರುತ್ತದೆ. 40 ಚದರ ಮೀಟರಿಗೆ 1,120 ವ್ಯಾಟ್. ಅಷ್ಟೇ ಜಾಗದಲ್ಲಿ 18 ಸೆಂಟಿಮೀಟರ್ ಥರ್ಮಾಕೋಲ್ ಅಥವಾ ರಾಕ್ ವುಲ್ ಇರುವ ಗೋಡೆ ಇದ್ದರೆ 160 ವ್ಯಾಟ್. ರಾತ್ರಿಯಿಡೀ ಈ ವ್ಯತ್ಯಾಸ ನಡೆಯುತ್ತದೆ. ಪಶ್ಚಿಮದ ಗಾಜು ಚಳಿಗಾಲದ ಹಗಲಿನಲ್ಲಿ ಇದನ್ನು ತುಂಬಿಕೊಡುವುದೂ ಇಲ್ಲ, ಯಾಕೆಂದರೆ ಆಗ ಸೂರ್ಯ ನೈಋತ್ಯದಲ್ಲೇ ಮುಳುಗಿಬಿಡುತ್ತಾನೆ.

ಇನ್ನೊಂದು ವಿಷಯ ನಕ್ಷೆಯಲ್ಲಿ ಕಾಣುವುದಿಲ್ಲ. ನಿಮ್ಮ ಹಿಂದೆ ಪೂರ್ವದಲ್ಲಿ ಗುಡ್ಡವೇ ಅಡ್ಡ ನಿಂತಿದೆ. ನಿಮ್ಮ ಅಕ್ಷಾಂಶದಲ್ಲಿ ಸೂರ್ಯ ಬೆಳಿಗ್ಗೆ ಗಂಟೆಗೆ 12 ಡಿಗ್ರಿಯಷ್ಟು ಏರುತ್ತಾನೆ, ಚಳಿಗಾಲದಲ್ಲಿ ಅದಕ್ಕಿಂತ ನಿಧಾನ. 18 ಡಿಗ್ರಿಯ ಗುಡ್ಡ ಮೇಲಕ್ಕೆ ಹಾಗೇ ಮುಂದುವರಿದಿದ್ದರೆ ಬಯಲಿನ ಮನೆಗಿಂತ ಒಂದೂವರೆ ಗಂಟೆ ತಡವಾಗಿ ನಿಮಗೆ ಬಿಸಿಲು. ಹಾಗಾಗಿ ಪೂರ್ವದ ಕಿಟಕಿಯನ್ನು ನಂಬಿ ಅಮ್ಮನ ಕೋಣೆಯನ್ನು ಬೆಚ್ಚಗೆ ಮಾಡಲು ಆಗುವುದಿಲ್ಲ. ಆ ಕೋಣೆ ಆಗ್ನೇಯ ಅಥವಾ ದಕ್ಷಿಣದಲ್ಲೇ ಇರಲಿ.

ಇನ್ನು ಆಕಾರ. ನಾಲ್ಕು ಹಂತ ಅಂದರೆ ನಾಲ್ಕು ಛಾವಣಿ, ನಾಲ್ಕು ನೆಲ. ಕೂಡಿಸಿ ನೋಡಿದೆ. ಹಂತಗಳು ಒಂದಕ್ಕೊಂದು ತಾಗುವ ಭಾಗ ಬಿಟ್ಟು, ಹೊರಮೈ ಸುಮಾರು 675 ಚದರ ಮೀಟರ್. ಅದೇ 200 ಚದರ ಮೀಟರನ್ನು 10 ಮೀಟರ್ ಅಗಲ, 10 ಮೀಟರ್ ಆಳದ ಎರಡು ಮಹಡಿ ಮಾಡಿದರೆ ಹೊರಮೈ 440. ಒಂದೂವರೆ ಪಟ್ಟು ವ್ಯತ್ಯಾಸ! ಅಷ್ಟು ಜಾಸ್ತಿ ಇನ್ಸುಲೇಷನ್ (ಬಿಸಿ ದಾಟದಂತೆ ತಡೆಯುವ ಪದರ), ಅಷ್ಟು ಜಾಸ್ತಿ ವಾಟರ್‌ಪ್ರೂಫಿಂಗ್, ಅಷ್ಟು ಜಾಸ್ತಿ ಬಿಸಿಯ ಸೋರಿಕೆ. ಪ್ರತಿ ಛಾವಣಿಯೂ ಮುಂದಿನ ಗೋಡೆಗೆ ಸೇರುವ ಮೂಲೆ ಮಳೆಗಾಲದಲ್ಲಿ ತಲೆನೋವಿನ ಜಾಗ.

ನಿಮ್ಮ ಇಳಿಜಾರು ಎಷ್ಟು ಅನುಕೂಲವಾಗಿದೆ ನೋಡಿ. 10 ಮೀಟರ್ ಆಳದಲ್ಲಿ ಭೂಮಿ 3.25 ಮೀಟರ್ ಇಳಿಯುತ್ತದೆ. ಸರಿಯಾಗಿ ಒಂದು ಮಹಡಿ! ಹಾಗಾದರೆ ಮೇಲಿನ ಮಹಡಿಗೆ ರಸ್ತೆಯಿಂದ ಮೆಟ್ಟಿಲಿಲ್ಲದೆ ನೇರ ಪ್ರವೇಶ. ಅಡುಗೆಮನೆ, ಹಾಲ್, ಅಮ್ಮನ ಕೋಣೆ ಅಲ್ಲೇ. ಕೆಳಗಿನ ಮಹಡಿಯ ಬೆನ್ನು ಮಣ್ಣಿಗೆ, ಮುಖ ಕಣಿವೆಗೆ. ಮಲಗುವ ಕೋಣೆಗಳು ಅಲ್ಲಿರಲಿ, ಬೇಸಿಗೆಯಲ್ಲಿ ಮನೆಯ ಅತಿ ತಂಪಾದ ಭಾಗ ಅದು.

ದಕ್ಷಿಣದ ಗೋಡೆಯಲ್ಲಿ 16, 17 ಚದರ ಮೀಟರ್ ಗಾಜು ಇರಲಿ. ಒಂದು ಎಚ್ಚರಿಕೆ: ಆ ಗೋಡೆಯ ಬುಡದಲ್ಲಿ ಮಣ್ಣು ಓರೆಯಾಗಿ ಇಳಿಯುತ್ತದೆ. ಕೆಳ ಮಹಡಿಯಲ್ಲಿ ದಕ್ಷಿಣದ ದೊಡ್ಡ ಕಿಟಕಿ ಪಶ್ಚಿಮದ ಅರ್ಧದಲ್ಲಿ ಮಾತ್ರ ಬರಲು ಸಾಧ್ಯ. ಹಾಗಾಗಿ ಹೆಚ್ಚಿನ ಗಾಜು ಮೇಲಿನ ಮಹಡಿಗೆ. 2.1 ಮೀಟರ್ ಎತ್ತರದ ಕಿಟಕಿಗೆ 90 ಸೆಂಟಿಮೀಟರ್ ಸಜ್ಜ, ಕಿಟಕಿಯ ತಲೆಯಿಂದ ಒಂದು 40 ಸೆಂಟಿಮೀಟರ್ ಮೇಲೆ. ಆಗಸ್ಟ್ ಕೊನೆಯಲ್ಲೂ ಮಧ್ಯಾಹ್ನ ಗಾಜಿನ ಸುಮಾರು ಮೂರನೇ ಎರಡು ಭಾಗ ನೆರಳಿನಲ್ಲಿ ಇರುತ್ತದೆ. ಡಿಸೆಂಬರಿನಲ್ಲಿ ನೆರಳು ಮೇಲಿನ 15 ಸೆಂಟಿಮೀಟರಿಗೆ ಮಾತ್ರ. ಆ ಬಿಸಿಲು ಬೀಳುವ ಕಡೆ ನೆಲಕ್ಕೆ ಕಲ್ಲು ಅಥವಾ ಕಾಂಕ್ರೀಟ್ ಇರಲಿ, ಮರದ ಹಲಗೆ ಅಥವಾ ಕಾರ್ಪೆಟ್ ಬೇಡ. ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿ ಕೊಡುವುದು ಆ ತೂಕವೇ.

---

ತಡೆಗೋಡೆ:

ಮೇಡಂ ಹೇಳಿದ ಎರಡು ಮಹಡಿಯ ಮಾತು ಸರಿ. ಆದರೆ ಮಣ್ಣಿಗೆ ಬೆನ್ನು ಕೊಡುವ ಮುನ್ನ ನೀರಿನ ವಿಷಯ ಮಾತಾಡಲೇಬೇಕು. ನಾನು ಸ್ಟ್ರಕ್ಚರಲ್ ಎಂಜಿನಿಯರ್.

ಮೂರು ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ನೀರೊಂದೇ ನಾಲ್ಕೂವರೆ ಟನ್ ತಳ್ಳುತ್ತದೆ. ಮಣ್ಣಿನದ್ದೂ ಸೇರಿದರೆ, ಒಣ ಮಣ್ಣು ತಳ್ಳುವುದಕ್ಕಿಂತ ಸುಮಾರು ಎರಡರಷ್ಟು. ಎತ್ತರ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟು. ಆದ್ದರಿಂದ ಗೋಡೆ ದಪ್ಪ ಮಾಡುವುದಕ್ಕಿಂತ ನೀರು ನಿಲ್ಲದ ಹಾಗೆ ಮಾಡುವುದು ಮುಖ್ಯ. ಗೋಡೆಯ ಹಿಂದೆ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಬುಡದಲ್ಲಿ ತೂತಿನ ಪೈಪು. ಪೈಪಿಗೆ ನೂರಕ್ಕೆ ಒಂದಾದರೂ ಇಳಿತ ಇರಲಿ. ಎರಡೂ ಮೂಲೆಗಳಲ್ಲಿ ಮೇಲಿನಿಂದ ತೊಳೆಯಲು ಮುಚ್ಚಳದ ಬಾಯಿ ಬಿಡಿಸಿ. ಬಟ್ಟೆ ಹಾಕದಿದ್ದರೆ ಮಣ್ಣಿನ ನುಣ್ಣನೆ ಕಣ ಜಲ್ಲಿಯೊಳಗೆ ಸೇರಿ ಕೆಲವೇ ವರ್ಷಗಳಲ್ಲಿ ಪೈಪು ಕಟ್ಟಿಕೊಳ್ಳುತ್ತದೆ. ಇಳಿಜಾರಿನಲ್ಲಿ ಒಂದು ಅನುಕೂಲವಿದೆ, ಆ ನೀರು ತಾನಾಗಿ ಕೆಳಗೆ ಹೋಗುತ್ತದೆ. ಪಂಪು ಬೇಡ.

ನಿಮ್ಮ ರಸ್ತೆ ಮೇಲಿದೆ ಅಂದಿರಿ. ರಸ್ತೆಯ ನೀರು ಎಲ್ಲಿಗೆ ಹರಿಯುತ್ತದೆ? ಒಂದು ಜೋರು ಮಳೆಯಲ್ಲಿ ಹೋಗಿ ನಿಂತು ನೋಡಿ. ನಿಮ್ಮ ಗೇಟಿನ ಕಡೆಗೇ ಬರುವುದಾದರೆ ಮನೆಗಿಂತ ಮುಂಚೆ ಅಡ್ಡ ಚರಂಡಿ ಕಟ್ಟಿ ಎರಡೂ ಪಕ್ಕಕ್ಕೆ ತಿರುಗಿಸಬೇಕು. ಛಾವಣಿಯ ನೀರಿಗೆ ಬೇರೆಯೇ ಪೈಪು. 100 ಚದರ ಮೀಟರ್ ಛಾವಣಿಯ ಮೇಲೆ ಗಂಟೆಗೆ 50 ಮಿಲಿಮೀಟರ್ ಮಳೆ ಬಂದರೆ 5,000 ಲೀಟರ್. ಅದನ್ನು ಗೋಡೆಯ ಹಿಂದಿನ ಪೈಪಿಗೇ ಸೇರಿಸಿದರೆ ತೊಂದರೆಯನ್ನು ನಾವೇ ಕರೆದ ಹಾಗೆ.

ಮತ್ತೆ, ಮಣ್ಣು ಪರೀಕ್ಷೆ ಆಗದೆ ಯಾವ ನಕ್ಷೆಗೂ ಸಹಿ ಬೇಡ. ಮೇಲೆ ಕಡಿದ ಮಣ್ಣನ್ನು ಕೆಳಗೆ ತುಂಬಿ, ಮನೆಯ ಅರ್ಧ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ಕೂರಿಸುವುದು ಬೇಡವೇ ಬೇಡ. ತುಂಬಿದ ಕಡೆ ಕುಸಿಯುತ್ತದೆ, ನಡುವೆ ಬಿರುಕು ಬರುತ್ತದೆ. ಬುನಾದಿ ಪೂರ್ತಿ ಮೂಲ ನೆಲವನ್ನೇ ಮುಟ್ಟಲಿ.

---

ಕಂಬದಮೇಲೆ:

ನಾನು ಇಳಿಜಾರಿನಲ್ಲಿ ಕಂಬಗಳ ಮೇಲಿನ ಮನೆಯಲ್ಲೇ ವಾಸ ಮಾಡುತ್ತಿದ್ದೇನೆ. ಗುಡ್ಡ ಕಡಿಯುವುದೇ ಯಾಕೆ? ಕಂಬ ನಿಲ್ಲಿಸಿದರೆ ಮರ ಉಳಿಯುತ್ತದೆ, ನೀರು ಅಡಿಯಲ್ಲಿ ತನ್ನ ಪಾಡಿಗೆ ಹೋಗುತ್ತದೆ, ತಡೆಗೋಡೆಯ ಖರ್ಚೇ ಇಲ್ಲ. ಬೇಸಿಗೆಯಲ್ಲಿ ಕೆಳಗಿನಿಂದ ಗಾಳಿ ಆಡುವ ಸುಖ ಬೇರೆ.

ಆದರೆ ಚಳಿಗಾಲದ ವಿಷಯ ಇದ್ದ ಹಾಗೆ ಹೇಳುತ್ತೇನೆ. ನೆಲ ತಣ್ಣಗೆ. ನಮ್ಮ ಮನೆಯ ನೆಲದ ಅಡಿಯಲ್ಲಿ ಗ್ಲಾಸ್ ವುಲ್ ತುಂಬಿದ್ದಾರೆ, ಅದರ ಕೆಳಗೆ ಗಾಳಿ ತಡೆಯುವ ಹಲಗೆ ಮಾತ್ರ ಹಾಕಿಲ್ಲ. ಗುಡ್ಡದ ಗಾಳಿ ಉಣ್ಣೆಯೊಳಗೇ ನುಗ್ಗಿ ಬಿಸಿಯನ್ನು ಒಯ್ಯುತ್ತದೆ. ಕೆಲವು ಕಡೆ ಇಲಿ ಎಳೆದು ಬೀಳಿಸಿದೆ. ನೀರಿನ ಪೈಪು ಬಯಲಲ್ಲಿರುವುದರಿಂದ ಹೊರಗೆ ಸೊನ್ನೆಗಿಂತ ಕೆಳಗೆ ಹೋದ ರಾತ್ರಿ ಹೆಪ್ಪುಗಟ್ಟುತ್ತದೆ. ಇಷ್ಟಾದರೂ ನನ್ನ ಮತ ಕಂಬಕ್ಕೇ. ಅಡಿಯನ್ನು ಸರಿಯಾಗಿ ಮುಚ್ಚಿಸಿಕೊಂಡರೆ ಆಯಿತು.

---

ತಡೆಗೋಡೆ:

@ಕಂಬದಮೇಲೆ, ಗುಡ್ಡದ ಇಳಿಜಾರು ಇನ್ನೂ ಜಾಸ್ತಿ ಇದ್ದರೆ, ಮರ ದಟ್ಟವಾಗಿದ್ದರೆ ನಾನೂ ಕಂಬವನ್ನೇ ಹೇಳುತ್ತಿದ್ದೆ. ಆದರೆ ಭೂಕಂಪದ ಪ್ರದೇಶವಾದರೆ ಒಂದು ಮಾತು ನೆನಪಿರಲಿ. ಇಳಿಜಾರಿನಲ್ಲಿ ಮೇಲಿನ ಕಂಬ ಗಿಡ್ಡ, ಕೆಳಗಿನದು ಉದ್ದ. ಅದೇ ದಪ್ಪದ ಕಂಬ ಅರ್ಧ ಎತ್ತರವಾದರೆ ಅದರ ಬಿಗಿ ಎಂಟು ಪಟ್ಟು. ನೆಲ ಅಲುಗಾಡಿದಾಗ ಆ ಗಿಡ್ಡ ಕಂಬಗಳೇ ಹೆಚ್ಚಿನ ಬಲವನ್ನೆಲ್ಲ ಎಳೆದುಕೊಂಡು ಮೊದಲು ಮುರಿಯುತ್ತವೆ. ಅದಕ್ಕೆ ತಕ್ಕ ವಿನ್ಯಾಸ ಮಾಡಬಹುದು, ಆದರೆ ಅಗ್ಗವಲ್ಲ.

---

ಬಿಸಿಲುಗೋಡೆ:

@ಕಂಬದಮೇಲೆ ಅವರ ಅನುಭವ ತುಂಬಾ ಉಪಯೋಗದ್ದು. ಇನ್ಸುಲೇಷನ್ ಗಾಳಿಯ ಹಾದಿಯಲ್ಲಿ ಬರಿಮೈಯಲ್ಲಿ ಇದ್ದರೆ ಅರ್ಧ ಕೆಲಸವನ್ನೂ ಮಾಡುವುದಿಲ್ಲ. ಉಣ್ಣೆಯ ಸ್ವೆಟರ್ ಮೇಲೆ ಗಾಳಿ ತಡೆಯುವ ಜಾಕೆಟ್ ಬೇಕಾದ ಹಾಗೆ.

ಮಣ್ಣಿಗೆ ಬೆನ್ನು ಕೊಡುವ ಗೋಡೆಯ ಬಗ್ಗೆ ಒಂದು ನಂಬಿಕೆ ಎಲ್ಲ ಕಡೆ ಇದೆ: ಮಣ್ಣೇ ಇನ್ಸುಲೇಷನ್, ಬೇರೆ ಬೇಡ ಅಂತ. ಲೆಕ್ಕ ಹಾಗಿಲ್ಲ. ಒದ್ದೆಯಾದ ಮಣ್ಣಿನ ಒಂದು ಮೀಟರ್ ದಪ್ಪ, ಎರಡೂವರೆ ಸೆಂಟಿಮೀಟರ್ ಥರ್ಮಾಕೋಲಿಗೆ ಸಮ. ಮಣ್ಣಿನಿಂದ ಸಿಗುವ ಲಾಭ ಬೇರೆ. ಆಳಕ್ಕೆ ಹೋದಷ್ಟೂ ಅದರ ಉಷ್ಣಾಂಶ ವರ್ಷದ ಸರಾಸರಿಯ ಹತ್ತಿರ ನಿಲ್ಲುತ್ತದೆ. ಚಳಿಗಾಲದಲ್ಲಿ ಹೊರಗಿನ ಗಾಳಿ ಸೊನ್ನೆ ಇದ್ದಾಗ ಗೋಡೆಯ ಹಿಂದೆ 12, 14 ಡಿಗ್ರಿ ಇರಬಹುದು. ಸೋರಿಕೆ ಕಡಿಮೆ, ಆದರೆ ದಿನಪೂರ್ತಿ ನಡೆಯುತ್ತಲೇ ಇರುತ್ತದೆ. ಆದ್ದರಿಂದ ಆ ಗೋಡೆಗೂ 8ರಿಂದ 10 ಸೆಂಟಿಮೀಟರ್ ಹಾಕಿ. ನೀರು ಹೀರದ ಗಟ್ಟಿ ಎಕ್ಸ್‌ಪಿಎಸ್ ಹಲಗೆಯೇ ಬೇಕು.

ಎಲ್ಲಿ ಹಾಕಬೇಕು ಎನ್ನುವುದು ಇನ್ನೂ ಮುಖ್ಯ. ಹೊರಗೆ, ಮಣ್ಣಿನ ಕಡೆ, ವಾಟರ್‌ಪ್ರೂಫಿಂಗ್ ಮೇಲೆ. ಆಗ ಮಣ್ಣು ತುಂಬುವಾಗ ಕಲ್ಲು ತಾಗಿ ವಾಟರ್‌ಪ್ರೂಫಿಂಗ್ ಹರಿಯುವುದಿಲ್ಲ, ಕಾಂಕ್ರೀಟ್ ಗೋಡೆ ಮನೆಯ ಬಿಸಿಯ ಒಳಗೇ ಇರುತ್ತದೆ. ಒಳಗೆ ಹಾಕಿದರೆ ಕಾಂಕ್ರೀಟ್ ತಣ್ಣಗೆ ಉಳಿಯುತ್ತದೆ. ಒಳಗಿನ ತೇವ ಸಂದಿಯಲ್ಲಿ ನುಸುಳಿ ಅದರ ಮೇಲೆ ಹನಿಗಟ್ಟುತ್ತದೆ, ಯಾರಿಗೂ ಕಾಣದ ಜಾಗದಲ್ಲಿ ಬೂಸ್ಟು ಬೆಳೆಯುತ್ತದೆ.

ಇನ್ಸುಲೇಷನ್ ಇಲ್ಲದ ಗೋಡೆಯಲ್ಲಿ ತೇವದ ಕಾಟ ಚಳಿಗಾಲಕ್ಕಿಂತ ಮಳೆಗಾಲದಲ್ಲಿ ಜಾಸ್ತಿ. ಹೊರಗಿನ ಗಾಳಿ 28 ಡಿಗ್ರಿ, ತೇವಾಂಶ 70 ಶೇಕಡಾ ಇದ್ದರೆ, 22 ಡಿಗ್ರಿಗಿಂತ ತಣ್ಣಗಿರುವ ಯಾವ ಮೈ ಸಿಕ್ಕಿದರೂ ನೀರು ಕಟ್ಟುತ್ತದೆ. ಮಣ್ಣಿಗೆ ತಾಗಿದ ಬರಿ ಗೋಡೆ 18, 19 ಡಿಗ್ರಿ ಇರುತ್ತದೆ. ಜನ ಅದನ್ನು ಸೋರಿಕೆ ಅಂದುಕೊಂಡು ವರ್ಷ ವರ್ಷ ವಾಟರ್‌ಪ್ರೂಫಿಂಗ್ ಮಾಡಿಸುತ್ತಾರೆ. ನೋಡಿದರೆ ಸಂಕಟವಾಗುತ್ತದೆ.

ಡೆಕ್ ಬಗ್ಗೆಯೂ ಹೇಳಿಬಿಡುತ್ತೇನೆ. ಒಳಗಿನ ಸ್ಲ್ಯಾಬನ್ನೇ ಹೊರಕ್ಕೆ ಚಾಚಬೇಡಿ. ಕಾಂಕ್ರೀಟ್ ಬಿಸಿಯನ್ನು ಥರ್ಮಾಕೋಲಿಗಿಂತ ಐವತ್ತು ಪಟ್ಟು ಸುಲಭವಾಗಿ ಸಾಗಿಸುತ್ತದೆ, ಒಳಗಿನ ಕಬ್ಬಿಣ ಇನ್ನೂ ಎಷ್ಟೋ ಜಾಸ್ತಿ. ಗೋಡೆಯ ಇನ್ಸುಲೇಷನನ್ನು 10 ಮೀಟರ್ ಉದ್ದಕ್ಕೂ ಸೀಳಿ ಹೊರಗೆ ಬಂದ ಸ್ಲ್ಯಾಬು ಚಳಿಗಾಲವಿಡೀ ಬಿಸಿಯನ್ನು ಹೊರಗೆ ಚೆಲ್ಲುತ್ತದೆ. ಡೆಕ್ ತನ್ನದೇ ಕಂಬಗಳ ಮೇಲೆ ಬೇರೆಯಾಗಿ ನಿಲ್ಲಲಿ, ಮನೆಗೆ ಅಲ್ಲಲ್ಲಿ ಬೋಲ್ಟಿನಿಂದ ಮಾತ್ರ ತಾಗಲಿ.

---

ಗುಡ್ಡದಂಚು:

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ಮಹಡಿಯ ಮಾತು ಮನೆಯಲ್ಲಿ ಎಲ್ಲರಿಗೂ ಹಿಡಿಸಿತು. ರಸ್ತೆಯಿಂದ ಮೆಟ್ಟಿಲಿಲ್ಲದೆ ಒಳಗೆ ಹೋಗಬಹುದು ಅಂದಾಗ ಅಮ್ಮನ ಮುಖ ಅರಳಿತು.

ಮೇಡಂ, ಪಶ್ಚಿಮದ ಗಾಜಿನ ಬಗ್ಗೆ ಇನ್ನೂ ಮನಸ್ಸು ಎಳೆಯುತ್ತಿದೆ. ಎಷ್ಟು ಉಳಿಸಿಕೊಳ್ಳಬಹುದು? ಇನ್ನೆರಡು ಪ್ರಶ್ನೆ. ಬಹಳ ಕಡಿಮೆ ಶಕ್ತಿಯಲ್ಲಿ ನಡೆಯುವ ಪ್ಯಾಸಿವ್ ಹೌಸ್ ಮಟ್ಟಕ್ಕೆ ಹೋಗಬೇಕೇ? ಬಿಸಿಲಿನ ಬಿಸಿ ಹಿಡಿದಿಡಲು ಗಾಜಿನ ಹಿಂದೆ ಕಪ್ಪು ಗೋಡೆ ಕಟ್ಟುವ ಟ್ರೋಂಬ್ ಗೋಡೆ ನಮಗೆ ಆಗುತ್ತದೆಯೇ?

---

ಬಿಸಿಲುಗೋಡೆ:

ನೋಟ ಬಿಡಿ ಅಂತ ನಾನು ಹೇಳುವುದಿಲ್ಲ. ಅಷ್ಟು ಚೆಂದದ ಕಣಿವೆ ಎದುರಿಗಿದ್ದು ಗೋಡೆ ಕಟ್ಟಿಕೊಂಡರೆ ಆ ಜಾಗಕ್ಕೇ ಅನ್ಯಾಯ. ಆದರೆ ನೋಟಕ್ಕೆ ಗೋಡೆ ಪೂರ್ತಿ ಗಾಜು ಬೇಕಿಲ್ಲ. ನೀವು ದಿನದಲ್ಲಿ ಎಲ್ಲಿ ಕೂರುತ್ತೀರಿ ಅಂತ ಯೋಚಿಸಿ. ಊಟದ ಮೇಜು, ಓದುವ ಕುರ್ಚಿ, ಅಮ್ಮ ಮಧ್ಯಾಹ್ನ ಕಾಲು ಚಾಚುವ ಜಾಗ. ಅಲ್ಲಿ ಕೂತಾಗ ಕಣ್ಣು ನೆಲದಿಂದ 1.2 ಮೀಟರ್ ಎತ್ತರದಲ್ಲಿ ಇರುತ್ತದೆ. ಆ ಎತ್ತರಕ್ಕೆ ತಕ್ಕ ಹಾಗೆ, ಕೆಳ ಅಂಚು 60 ಸೆಂಟಿಮೀಟರ್ ಮೇಲೆ ಶುರುವಾಗುವ ಅಗಲವಾದ ಕಿಟಕಿ ಸಾಕು. ಮೊಣಕಾಲಿನ ಕೆಳಗಿನ ಗಾಜು ನೋಟ ಕೊಡುವುದಿಲ್ಲ, ಸೆಖೆ ಮತ್ತು ಚಳಿಯನ್ನು ಮಾತ್ರ ತರುತ್ತದೆ. ನನ್ನ ಲೆಕ್ಕದಲ್ಲಿ ಎರಡೂ ಮಹಡಿ ಸೇರಿ ಪಶ್ಚಿಮಕ್ಕೆ 10 ಚದರ ಮೀಟರ್.

ಆ ಹತ್ತಕ್ಕೂ ಹೊರಗಿನಿಂದ ಇಳಿಸುವ ಶಟರ್ ಅಥವಾ ಜರುಗಿಸುವ ಮರದ ಪಟ್ಟಿಗಳ ಬಾಗಿಲು ಹಾಕಿಸಿ. ಬೇಸಿಗೆಯ ಮಧ್ಯಾಹ್ನ ಇಳಿಸಿ, ಸೂರ್ಯ ಮುಳುಗುವಾಗ ಎತ್ತಿ. ಪಟ್ಟಿಗಳ ನಡುವೆ ಕಣಿವೆ ಕಾಣುತ್ತಲೇ ಇರುತ್ತದೆ. ಗುಡ್ಡದಲ್ಲಿ ಗಾಳಿ ಜೋರು, ಬಟ್ಟೆಯ ಬ್ಲೈಂಡ್ ಹೊರಗೆ ಬಾಳುವುದಿಲ್ಲ. ಹಳಿಯ ಮೇಲೆ ಓಡುವ ಗಟ್ಟಿ ಪಟ್ಟಿಯೇ ಇರಲಿ. ಹಾಲನ್ನು ನೈಋತ್ಯದ ಮೂಲೆಯಲ್ಲಿ ಇಟ್ಟರೆ ದಕ್ಷಿಣದ ದೊಡ್ಡ ಕಿಟಕಿಯಿಂದಲೂ ಕಣಿವೆಯ ಒಂದು ಮಗ್ಗುಲು ಸಿಗುತ್ತದೆ. ಪೂರ್ತಿ ಆಕಾಶ ಬೇಕು ಅನಿಸಿದಾಗ ಡೆಕ್ ಇದೆಯಲ್ಲ.

ಬೇಸಿಗೆಯ ರಾತ್ರಿಗೆ ಇನ್ನೊಂದು ಉಪಾಯ. ಸೂರ್ಯ ಮುಳುಗಿದ ಮೇಲೆ ಗುಡ್ಡದ ಮೈ ತಣಿದು, ತಣ್ಣನೆ ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ. ಪೂರ್ವದಲ್ಲಿ, ರಸ್ತೆಯ ಕಡೆ, ತಗ್ಗಿನಲ್ಲಿ ಸಣ್ಣ ಕಿಟಕಿಗಳನ್ನು ಇಟ್ಟು, ಪಶ್ಚಿಮದಲ್ಲಿ ಎತ್ತರದಲ್ಲಿ ತೆರೆಯುವ ಜಾಗ ಕೊಡಿ. ರಾತ್ರಿ ಎರಡನ್ನೂ ತೆರೆದರೆ ಗಾಳಿ ಮನೆಯ ಮೂಲಕವೇ ಹಾದುಹೋಗುತ್ತದೆ. ಮೆಟ್ಟಿಲಿನ ಕೋಣೆಯ ಮೇಲೆ ತೆರೆಯುವ ಕಿಟಕಿ ಇದ್ದರೆ ಬಿಸಿ ಗಾಳಿ ಅಲ್ಲಿಂದ ಹೊರಡುತ್ತದೆ. ನೆಲ, ಗೋಡೆಗಳು ಬೆಳಗಿನ ಹೊತ್ತಿಗೆ ತಣಿದಿದ್ದರೆ, ಬಾಗಿಲು ಕಿಟಕಿ ಮುಚ್ಚಿ ಮಧ್ಯಾಹ್ನದವರೆಗೆ ಎಸಿ ಬೇಕಾಗುವುದೇ ಇಲ್ಲ.

ಪ್ಯಾಸಿವ್ ಹೌಸ್ ವಿಷಯ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಜನ ವಾಸಕ್ಕೆ ಬಂದ ಸಾಲುಮನೆಯಿಂದ ಆ ಮಾದರಿ ಶುರುವಾಯಿತು. ಬಿಸಿಗೆ ವರ್ಷಕ್ಕೆ ಚದರ ಮೀಟರಿಗೆ 15 ಕಿಲೋವ್ಯಾಟ್ ಗಂಟೆ ಮೀರಬಾರದು. 50 ಪ್ಯಾಸ್ಕಲ್ ಒತ್ತಡದಲ್ಲಿ ಗಂಟೆಗೆ ಮನೆಯ ಗಾಳಿಯ 0.6 ಪಟ್ಟಿಗಿಂತ ಜಾಸ್ತಿ ಸೋರಬಾರದು. ಪ್ರಮಾಣಪತ್ರ ನಿಮಗೆ ಬೇಕೇ ಬೇಕು ಅಂತ ನನಗೆ ಅನಿಸುವುದಿಲ್ಲ. ಆದರೆ ಆ ಸೋರಿಕೆ ಪರೀಕ್ಷೆಯನ್ನು ಮಾತ್ರ ಮಾಡಿಸಿ. ಬಾಗಿಲಿಗೆ ಫ್ಯಾನ್ ಕಟ್ಟಿ ಒತ್ತಡ ಅಳೆಯುವ ಬ್ಲೋವರ್ ಡೋರ್ ಪರೀಕ್ಷೆ ಅದು. ಒಳಗಿನ ಕೊನೆಯ ಮುಚ್ಚುಗೆ ಹಾಕುವ ಮುಂಚೆಯೇ ಆಗಬೇಕು. ಆಗ ಸಂದಿ ಕಂಡರೆ ಟೇಪು ಸಾಕು, ಆಮೇಲೆ ಕಂಡರೆ ಒಡೆಯಬೇಕು. ಗುಡ್ಡದ ಮೈಯಲ್ಲಿ ಗಾಳಿಯ ಒತ್ತಡ ಜಾಸ್ತಿ ಇರುವುದರಿಂದ ಬಯಲಿನ ಮನೆಗಿಂತ ನಿಮಗೆ ಇದು ಇನ್ನೂ ಮುಖ್ಯ. ಮನೆ ಅಷ್ಟು ಬಿಗಿಯಾದ ಮೇಲೆ ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ದಾಟಿಸುವ ವೆಂಟಿಲೇಷನ್ ಯಂತ್ರ ಇಡಿ. ಕೆಳ ಮಹಡಿಯ ತೇವಕ್ಕೂ ಅದು ಒಳ್ಳೆಯದು.

ಟ್ರೋಂಬ್ ಗೋಡೆ ಬೇಡ ಅಂತ ನನ್ನ ಅಭಿಪ್ರಾಯ. ಫ್ರಾನ್ಸಿನ ಪಿರೆನೀಸ್ ಪರ್ವತದ ಓದೆಯೊ ಊರಿನಲ್ಲಿ ಫೆಲಿಕ್ಸ್ ಟ್ರೋಂಬ್ ಮತ್ತು ಜಾಕ್ ಮಿಷೆಲ್ 1967ರಲ್ಲಿ ಅಂಥ ಮನೆ ಕಟ್ಟಿದರು. ಅಲ್ಲಿ ಚಳಿ ಜಾಸ್ತಿ, ಬಿಸಿಲೂ ಧಾರಾಳ. ನಿಮಗೆ 36 ಡಿಗ್ರಿಯ ಬೇಸಿಗೆ ಇದೆ, ಆ ಗೋಡೆಗೆ ಬೇಸಿಗೆಯಿಡೀ ನೆರಳು ಕೊಡುವುದೇ ಒಂದು ಕೆಲಸ. ಜೊತೆಗೆ ದಕ್ಷಿಣದ ಬೆಳಕನ್ನೂ ಅದು ನುಂಗುತ್ತದೆ. ನೇರ ಕಿಟಕಿ, ಕಲ್ಲಿನ ನೆಲ, ಸರಿಯಾದ ಸಜ್ಜ ಸಾಕು.

---

ತಂತಿಪೈಪು:

ಯಂತ್ರಗಳ ಬಗ್ಗೆ ಎರಡು ಮಾತು, ನನ್ನ ಕೆಲಸವೇ ಅದು. ಇಷ್ಟೆಲ್ಲ ಮಾಡಿದ ಮೇಲೆ ನಿಮಗೆ ಸಣ್ಣ ಹೀಟ್ ಪಂಪ್ (ಹೊರಗಿನ ಗಾಳಿಯಿಂದ ಬಿಸಿಯನ್ನು ಒಳಗೆ ತರುವ, ಎಸಿಯಂಥ ಯಂತ್ರ) ಸಾಕು. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಬಿಸಿ ಕೊಡುತ್ತದೆ, ಬೇಸಿಗೆಯಲ್ಲಿ ಅದನ್ನೇ ತಂಪಿಗೆ ತಿರುಗಿಸಬಹುದು. ಹೊಸ ನಕ್ಷೆಯ ಲೆಕ್ಕ ಬರುವವರೆಗೆ ಗಾತ್ರ ಆರಿಸಬೇಡಿ. ದೊಡ್ಡದು ತಂದರೆ ಪದೇ ಪದೇ ನಿಂತು ಶುರುವಾಗುತ್ತದೆ, ಕರೆಂಟೂ ಜಾಸ್ತಿ, ಆಯಸ್ಸೂ ಕಡಿಮೆ.

ಹೊರಗಿನ ಯೂನಿಟ್ ಎಲ್ಲಿಡಬೇಕು ಎಂದು ಜಗಳ ಬರುತ್ತದೆ. ತಡೆಗೋಡೆಯ ಮೂಲೆಯಲ್ಲಿ, ಗುಂಡಿಯಂಥ ಜಾಗದಲ್ಲಿ ಅಡಗಿಸಿ ಇಡಲು ಎಲ್ಲರಿಗೂ ಆಸೆ. ಅಲ್ಲಿ ಬೇಡ. ತಣ್ಣನೆ ಗಾಳಿ ಭಾರ, ಹರಿದು ಬಂದು ಗುಂಡಿಯಲ್ಲಿ ನಿಲ್ಲುತ್ತದೆ. ಯೂನಿಟ್ ತಾನು ಬಿಟ್ಟ ತಣ್ಣನೆ ಗಾಳಿಯನ್ನೇ ಮತ್ತೆ ಎಳೆದುಕೊಂಡು ಮಂಜುಗಟ್ಟುತ್ತದೆ. ಉತ್ತರದ ಪಕ್ಕದಲ್ಲಿ, ನೆಲದಿಂದ ಎತ್ತರದಲ್ಲಿ, ಗಾಳಿ ಇಳಿಜಾರಿನ ಕಡೆಗೆ ಬಿಡುವಂತೆ ಇಡಿ. ಮಲಗುವ ಕೋಣೆಯ ಕಿಟಕಿ ಹತ್ತಿರ ಇರಬಾರದು.

ಸೋಲಾರ್ ಪ್ಯಾನೆಲ್ ದಕ್ಷಿಣಕ್ಕೆ ಓರೆಯಾದ ಛಾವಣಿಯಲ್ಲಿ ಬರಲಿ. ಪಶ್ಚಿಮಕ್ಕೆ ಓರೆ ಇಟ್ಟರೆ 10ರಿಂದ 20 ಶೇಕಡಾ ಕಡಿಮೆ ಸಿಗುತ್ತದೆ, ಆದರೆ ಸಂಜೆ ಬಳಸುವ ಹೊತ್ತಿನಲ್ಲಿ ಸಿಗುತ್ತದೆ. ಛಾವಣಿಯ ಆಕಾರ ಇನ್ನೂ ತೀರ್ಮಾನವಾಗಿಲ್ಲ ಅಲ್ವಾ, ಈಗಲೇ ಹೇಳಿಬಿಡಿ.

---

ಗುಡ್ಡದಂಚು:

ಛಾವಣಿ ದಕ್ಷಿಣಕ್ಕೇ ಓರೆ ಮಾಡಲು ಹೇಳಿದ್ದೇನೆ. ಮಣ್ಣು ಪರೀಕ್ಷೆಯವರು ಮುಂದಿನ ವಾರ ಬರುತ್ತಾರೆ. ವರದಿ ಬಂದ ಮೇಲೆ ಎರಡು ಮಹಡಿಯ ಹೊಸ ನಕ್ಷೆ ಶುರು. ಪಶ್ಚಿಮಕ್ಕೆ 10 ಅಲ್ಲ, 12 ಚದರ ಮೀಟರ್ ಕೇಳಿದ್ದೇನೆ, ಶಟರ್ ಸಮೇತ. ಮೇಡಂ ಬೈಯಬೇಡಿ.

---

ಬಿಸಿಲುಗೋಡೆ:

ಶಟರ್ ಹೊರಗೆ ಇರುವುದಾದರೆ 12 ಆಗಲಿ, ತೊಂದರೆಯಿಲ್ಲ. ಹೊಸ ನಕ್ಷೆ ಬಂದಾಗ ದಕ್ಷಿಣದ ಗೋಡೆಯ ಚಿತ್ರದಲ್ಲಿ ನೆಲದ ಓರೆ ಗೆರೆಯನ್ನು ಬರೆಸಿ ಇಲ್ಲಿ ಹಾಕಿ. ಕಿಟಕಿಗಳ ಜಾಗವನ್ನು ಅದರ ಮೇಲೆಯೇ ಗುರುತು ಮಾಡೋಣ.